ಹಿತ್ತಿಲ ಬೇಲಿಗೊಂದು ಬಾಗಿಲು

ಒಂದೂರಿನಲ್ಲಿ ಇಬ್ಬರು ವಾರಗಿತ್ತಿಯರಿದ್ದರು. ಹಿರಿಯಳು ದೇವೀರಮ್ಮ, ಕಿರಿಯಳು ಜವರಮ್ಮ. ಮನೆ ಪಾಲಾದಾಗ ನಡುಮನೆಗೆ ಗೋಡೆ ಬಂತು, ಒಲೆ ಎರಡಾಯಿತು. ಹಿತ್ತಿಲು ಮಾತ್ರ ಒಂದೇ ಉಳಿಯಿತು. ಅತ್ತೆ ಕಣ್ಣು ಮುಚ್ಚುವ ಮೊದಲು ತಮ್ಮದೆನ್ನುವುದನ್ನು ತಾವೇ ಹಂಚಿದ್ದರು. ಬದನೆ ಬೀಜದ ಮಡಕೆ ದೊಡ್ಡ ಸೊಸೆಗೆ, ಕೋಳಿಗಳು ಚಿಕ್ಕ ಸೊಸೆಗೆ.

ಆ ಬದನೆ ಸಂತೆಯಲ್ಲಿ ಸಿಗುವಂಥದ್ದಲ್ಲ. ಹಸಿರು ಮೈ, ತೊಟ್ಟಿನ ಕೆಳಗೆ ಬಿಳಿ ಗೆರೆ, ಬೆಂದರೆ ಬೆಣ್ಣೆ. ಪ್ರತಿ ವರ್ಷ ಒಂದೆರಡು ಕಾಯಿಯನ್ನು ಗಿಡದಲ್ಲೇ ಹಣ್ಣಾಗಲು ಬಿಟ್ಟು, ಬೀಜ ತೆಗೆದು, ಬೂದಿ ಹಚ್ಚಿ ಒಣಗಿಸಿಡಬೇಕು. ಆ ವರ್ಷ ದೇವೀರಮ್ಮ ಹುಮ್ಮಸ್ಸಿನಲ್ಲಿ ಮಡಕೆಯ ತಳದವರೆಗೂ ಕೈ ಹಾಕಿ, ಇದ್ದ ಬೀಜವನ್ನೆಲ್ಲ ಸಸಿಮಡಿಗೆ ಚೆಲ್ಲಿ ಒಟ್ಲು ಬಿಟ್ಟಿದ್ದಳು. ಈ ಗಿಡಗಳು ಹೋದರೆ ಅತ್ತೆಯ ಬದನೆ ಹೋದಂತೆಯೇ.

ಮುಂಗಾರು ಮಳೆ ಬಿತ್ತು. ಒಟ್ಲಿನ ಸಸಿ ಕಿತ್ತು ಸಾಲಾಗಿ ನೆಟ್ಟಳು. ಮಾರನೆಯ ಬೆಳಿಗ್ಗೆ ಬಂದು ನೋಡಿದರೆ ಅರ್ಧ ಸಾಲು ಬೇರು ಮೇಲಾಗಿ ಮಲಗಿದೆ! ನಡುವೆ ಜವರಮ್ಮನ ಕೋಳಿಗಳಿಗೆಲ್ಲ ಯಜಮಾನಿಯಾದ ಹೇಂಟೆ ಕೆಂಪಿ, ಹದವಾದ ಮಣ್ಣನ್ನು ಎರಡೂ ಕಾಲಲ್ಲಿ ಕೆದಕುತ್ತ, ಹಿಂದಿರುವ ಮರಿಗಳಿಗೆ ಪಾಠ ಹೇಳಿಕೊಡುತ್ತಿದ್ದಾಳೆ.

“ಜವರಿ, ಇನ್ನೊಂದ್ಸಲ ನಿನ್ನ ಕೋಳಿ ಈ ಕಡೆ ಕಾಲಿಟ್ರೆ ಸಾರು ಮಾಡ್ಬಿಡ್ತೀನಿ ನೋಡು!”

“ಮಾಡಕ್ಕ, ಮಾಡು. ಮುದುಕಿ ಅದು, ಬೇಯಕ್ಕೆ ಹೊತ್ತಾಯ್ತದೆ. ಸೌದೆ ಸಾಲ್ದಿದ್ರೆ ಕೂಗು, ಕೊಡ್ತೀನಿ.”

ಬೈದಿದ್ದರೆ ಜಗಳ ಅಲ್ಲಿಗೇ ಮುಗಿಯುತ್ತಿತ್ತೇನೋ. ನಗೆಯಾಡಿದ್ದಕ್ಕೆ ದೇವೀರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಅವತ್ತೇ ಬಿದಿರ ಗಳ, ಜಾಲಿಮುಳ್ಳು, ಹಳೇ ಸೀರೆ ಎಲ್ಲ ಸೇರಿಸಿ ಹಿತ್ತಿಲ ನಡುವೆ ಬೇಲಿ ಕಟ್ಟಿದಳು. ಇರುವೆ ಬೇಕಾದರೆ ನುಸುಳೀತು, ಕೋಳಿ ನುಸುಳಲಾರದು. ಬೇಲಿ ಎದ್ದಿತು, ವಾರಗಿತ್ತಿಯರ ಮಾತು ನಿಂತಿತು.

ಆಷಾಢದಲ್ಲಿ ಗಿಡಗಳು ಮೊಣಕಾಲೆತ್ತರ ಬಂದವು. ದೇವೀರಮ್ಮ ದಿನಕ್ಕೊಮ್ಮೆ ಬೇಲಿಯ ಪಕ್ಕ ನಿಂತು, “ನೋಡು, ಕಾಟ ತಪ್ಪಿದ್ರೆ ಹೆಂಗೆ ಬೆಳೀತಾವೆ!” ಎಂದು ಗಿಡಕ್ಕೆ ಹೇಳುವಳು. ಗಿಡಕ್ಕೆ ಅಷ್ಟು ಗಟ್ಟಿಯಾಗಿ ಹೇಳುವ ಅಗತ್ಯವೇನೂ ಇರಲಿಲ್ಲ.

ಶ್ರಾವಣದಲ್ಲಿ ಒಂದು ಗಿಡ ಬಾಡಿತು. ಮಳೆ ಸುರಿಯುತ್ತಿದೆ, ಗಿಡ ಮಾತ್ರ ನೀರೇ ಕಾಣದ ಹಾಗೆ ತಲೆ ಜೋಲುಹಾಕಿದೆ. ಮತ್ತೆ ಇನ್ನೊಂದು. ದೇವೀರಮ್ಮ ಎಲೆ ಮಗುಚಿ ನೋಡಿದಳು, ಏನೂ ಇಲ್ಲ. ಬೂದಿ ಎರಚಿದಳು, ಬೇವಿನ ಸೊಪ್ಪು ಕುದಿಸಿ ಚಿಮುಕಿಸಿದಳು. ಕೊನೆಗೆ ಇದು ದೃಷ್ಟಿಯೇ ಎಂದು ತೀರ್ಮಾನಿಸಿ, ಒಡಕು ಮಡಕೆಗೆ ಸುಣ್ಣದ ಬೊಟ್ಟಿಟ್ಟು ಕೋಲಿಗೆ ಸಿಕ್ಕಿಸಿದಳು. ಮಡಕೆಯ ಮುಖ ಜವರಮ್ಮನ ಮನೆಯ ಕಡೆ.

ಮಡಕೆ ತನ್ನ ಕೆಲಸ ಮಾಡುತ್ತಲೇ ಇತ್ತು. ಗಿಡಗಳೂ ಸಾಯುತ್ತಲೇ ಇದ್ದವು.

ಒಂದು ಬೆಳಿಗ್ಗೆ, ಬೀಜಕ್ಕೆಂದು ಬಿಟ್ಟಿದ್ದ ಕಾಯಿಯ ಪಕ್ಕದ ಗಿಡವೇ ಬಾಡಿತು. ಸಿಟ್ಟಿನಲ್ಲಿ ಹಿಡಿದೆಳೆದಳು. ಗಿಡ ಹಗ್ಗದಂತೆ ಸರಕ್ಕನೆ ಬಂತು. ತುದಿಯಲ್ಲಿ ಬೇರೇ ಇಲ್ಲ. ಮಣ್ಣು ಕೆದಕಿದರೆ ಬುಡದಲ್ಲಿ ಹೆಬ್ಬೆರಳ ಗಾತ್ರದ ಬಿಳೀ ಗೊಣ್ಣೆಹುಳು, ಉಂಡು ಮಲಗಿದ ನೆಂಟನಂತೆ ಸುರುಳಿ ಸುತ್ತಿಕೊಂಡಿದೆ. ಅಸಹ್ಯಪಡುತ್ತ ಎತ್ತಿ ಬೇಲಿಯಾಚೆ ಎಸೆದಳು.

ಆಚೆ ಒಂದೇ ಗಲಾಟೆ. ರೆಕ್ಕೆ ಬಡಿತ, ಕೊಕ್ಕೊಕ್ಕೊ, ಓಡಾಟ. ಇನ್ನೊಂದು ಹುಳು ಸಿಕ್ಕಿತು, ಅದನ್ನೂ ಎಸೆದಳು. ಮತ್ತೆ ಗಲಾಟೆ.

“ಏನಕ್ಕ, ಕೋಳಿಗೆ ಕಲ್ಲು ಹೊಡೀತಿದ್ದೀಯಾ?” ಜವರಮ್ಮನ ದನಿ.

“ಕಲ್ಲಲ್ಲ ಕಣೇ. ಗೊಣ್ಣೆಹುಳ.”

ಆ ಕಡೆಯ ಹೆಜ್ಜೆ ಸಪ್ಪಳ ಬೇಲಿಯ ಹತ್ತಿರ ಬಂತು.

“ಇನ್ನೂ ಇದ್ರೆ ಹಾಕಕ್ಕ. ಇಲ್ಲಿ ಹುಲ್ಲೂ ಇಲ್ಲ, ಹುಳಾನೂ ಇಲ್ಲ. ಒಂದ್ರ ಪುಕ್ಕ ಒಂದು ಕಿತ್ಕೊಂಡು ತಿಂತಾ ಕೂತವೆ.”

ದೇವೀರಮ್ಮ ಸೀರೆ ಸರಿಸಿ ಇಣುಕಿದಳು. ಆಚೆಯ ನೆಲ ಕಣದಂತೆ ಬೋಳಾಗಿತ್ತು. ಕೆಂಪಿಯ ಬೆನ್ನೂ ಹಾಗೇ ಬೋಳು.

ಆಗ ಅವಳಿಗೆ ಅತ್ತೆ ನೆನಪಾದರು. ಸಸಿ ಎಳೆಯದಿರುವಾಗ ಅತ್ತೆ ದಿನವಿಡೀ ಕೋಲು ಹಿಡಿದು ಕೋಳಿ ಅಟ್ಟುತ್ತಿದ್ದರು. ಗಿಡ ಬಲಿತ ಮೇಲೆ ಕೋಲು ಮೂಲೆಗಿಟ್ಟು ಜಗಲಿಯಲ್ಲಿ ಎಲೆಅಡಿಕೆ ಹಾಕುತ್ತ ಕೂರುತ್ತಿದ್ದರು. ವಯಸ್ಸಾಯಿತು, ಅಟ್ಟಿ ಅಟ್ಟಿ ಸುಸ್ತಾಗಿರಬೇಕು ಎಂದೇ ಸೊಸೆ ಇಷ್ಟು ವರ್ಷ ತಿಳಿದಿದ್ದಳು.

ಉಳಿದದ್ದು ನಾಲ್ಕಾರು ಗಿಡ, ಬೀಜದ ಕಾಯಿ ಒಂದೇ ಒಂದು. ಕೋಳಿ ಬಿಟ್ಟರೆ ಆ ಕಾಯಿಯನ್ನೂ ಕುಕ್ಕಿ ಹಾಕಬಹುದು. ಬಿಡದಿದ್ದರೆ ಹುಳು ಬಿಡುವುದಿಲ್ಲ. ದೇವೀರಮ್ಮ ಗಿಡ ನೋಡಿದಳು, ಬೇಲಿ ನೋಡಿದಳು. ಆಮೇಲೆ ಕುಡುಗೋಲು ತಂದು ಬೇಲಿಯ ಕಟ್ಟು ಕೊಯ್ದಳು. ಪೂರ್ತಿಯಲ್ಲ, ಒಬ್ಬರು ನುಗ್ಗುವಷ್ಟು.

“ಜವರಿ, ಕರ್ಕೊಂಡ್ಬಾ ನಿನ್ನ ಕೋಳಿ ಪಟಾಲಂನ.”

ಜವರಮ್ಮ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಕೋಳಿ ಮುಚ್ಚುವ ಮಂಕರಿ ಹಿಡಿದು ಬಂದಳು. ದೇವೀರಮ್ಮ ಸಾಲಿನುದ್ದಕ್ಕೂ ಮಣ್ಣು ಸಡಿಲಿಸುತ್ತ ಹೋದಳು, ಕೋಳಿಗಳು ಗುದ್ದಲಿಯ ಹಿಂದೆಯೇ ಹುಳು ಹೆಕ್ಕುತ್ತ ಬಂದವು. ಕೆಂಪಿ ಮಾತ್ರ ನೆಟ್ಟಗೆ ಬೀಜದ ಕಾಯಿಯತ್ತ ನಡೆದಳು. ದೇವೀರಮ್ಮ ಗುದ್ದಲಿ ಬಿಸುಟು ತಿರುಗಿದಳು. ಅಷ್ಟರಲ್ಲಿ ಜವರಮ್ಮ ಓಡಿ, ಗಿಡದ ಮೇಲೆ ಮಂಕರಿ ಕವುಚಿ, ಅದರ ಪಕ್ಕ ಚಕ್ಕಂಬಕ್ಕಳ ಹಾಕಿ ಕೂತುಬಿಟ್ಟಳು.

ಕೋಳಿಗಳು ಬಯಲಲ್ಲಿ, ಬದನೆ ಮಂಕರಿಯೊಳಗೆ! ಇಬ್ಬರಿಗೂ ನಗು ತಡೆಯಲಾಗಲಿಲ್ಲ.

“ಅದಿರ್ಲಿ, ಆ ಮಡಕೆ ಮುಖ ನಮ್ಮನೆ ಕಡೆಗ್ಯಾಕಕ್ಕ?”

“ಗಾಳಿಗೆ ತಿರುಗಿರ್ಬೇಕು ಕಣೇ,” ಎಂದಳು ದೇವೀರಮ್ಮ. ಹೇಳಿದ ಮೇಲೆ ಹೋಗಿ ಮಡಕೆ ಕಿತ್ತು ತಿಪ್ಪೆಗೆ ಹಾಕಿದಳು.

ಬೇಲಿಯ ಕಂಡಿಗೆ ಬಿದಿರು ತಡಿಕೆಯ ಬಾಗಿಲು ಬಂತು. ಸಂಜೆ ಹೊತ್ತು ಬಾಗಿಲು ತೆರೆಯುವುದು, ಜವರಮ್ಮ ಕೋಲು ಹಿಡಿದು ಕೂರುವುದು. ನಡುವೆ ಒಂದು ಗಿಡವನ್ನು ಕೆಂಪಿ ಬುಡಮೇಲು ಮಾಡಿದಳು, ಅದಕ್ಕೊಂದು ಸಣ್ಣ ಜಗಳವೂ ಆಯಿತು. ಆದರೆ ಮತ್ತೆ ಯಾವ ಗಿಡವೂ ಬಾಡಲಿಲ್ಲ. ಕೆಂಪಿಯ ಬೆನ್ನ ಮೇಲೆ ಹೊಸ ಪುಕ್ಕ ಮೂಡಿತು.

ಕಾರ್ತಿಕದಲ್ಲಿ ಬೀಜದ ಕಾಯಿ ಅರಿಸಿನದಂತೆ ಹಣ್ಣಾಯಿತು. ದೇವೀರಮ್ಮ ಬೀಜ ತೊಳೆದು, ಬೂದಿ ಹಚ್ಚಿ ಒಣಗಿಸಿ, ಅರ್ಧವನ್ನು ಬಟ್ಟೆಯಲ್ಲಿ ಕಟ್ಟಿ ವಾರಗಿತ್ತಿಯ ಕೈಗಿಟ್ಟಳು.

“ನಂಗ್ಯಾಕಕ್ಕ? ನಾನು ಕೋಳಿಯವಳು.”

“ಇಟ್ಕೊ. ನಮ್ಮನೇಲಿ ಹೋದ್ರೆ ನಿಮ್ಮನೇಲಾದ್ರೂ ಇರ್ಲಿ.”

ಮುಂದಿನ ಮುಂಗಾರಿನಲ್ಲಿ ದೇವೀರಮ್ಮ ಸಸಿ ನೆಟ್ಟು ಸೊಂಟ ನೆಟ್ಟಗೆ ಮಾಡಿ ತಿರುಗಿದರೆ, ತಡಿಕೆಯ ಬಾಗಿಲು ಆಗಲೇ ಮುಚ್ಚಿತ್ತು. ಹಗ್ಗ ಆ ಕಡೆಯಿಂದ ಬಿಗಿದಿತ್ತು. ಮುಚ್ಚು ಎಂದು ಅವಳೇನೂ ಕೂಗಿರಲಿಲ್ಲ.

ಬಾಗಿಲ ಮುಂದೆ ನಿಂತು ಗೊಣಗುತ್ತಿದ್ದವಳು ಕೆಂಪಿ ಒಬ್ಬಳೇ.

ನೀತಿ: ಬೇಲಿ ಹಾಕುವುದು ತಪ್ಪಲ್ಲ, ಅದಕ್ಕೆ ಬಾಗಿಲು ಇಡದಿರುವುದು ತಪ್ಪು. ಇವತ್ತು ಸಸಿ ಕಿತ್ತ ಕಾಲೇ ನಾಳೆ ಹುಳು ಕೆದಕಿ ಗಿಡ ಉಳಿಸೀತು. ಯಾರನ್ನಾದರೂ ದೂರ ಇಡಬೇಕಾಗಿ ಬಂದರೆ ಇಡಿ. ಮತ್ತೆ ಯಾವಾಗ ಕರೆಯಬೇಕು ಎಂಬುದನ್ನು ಮಾತ್ರ ಮರೆಯಬೇಡಿ.