ಕ್ಯಾರಿಯರ್ ಮೇಲಿನ ಹಗ್ಗ

"ತಾಯಿ, ನನಗೆ ಇನ್ನೊಂದು ವ್ರತ ಕೊಡುತ್ತೀರಾ? ಇರುವವು ಸಾಲುತ್ತಿಲ್ಲ" ಎಂದು ಶಿಷ್ಯ ಕೇಳಿದ.

ಗುರುಮಾತೆ ಮೊರದಲ್ಲಿ ಕಾಳು ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಈಗ ಎಷ್ಟಿವೆ?"

"ಹನ್ನೊಂದು. ಸಿಟ್ಟಿಗೆ ಹೆದರಿ ಮಧ್ಯಾಹ್ನದವರೆಗೆ ಮೌನ ಹಿಡಿದೆ. ನಾಲಿಗೆಗೆ ಹೆದರಿ ಉಪ್ಪು ಬಿಟ್ಟೆ. ನಿದ್ದೆಗೆ ಹೆದರಿ ಚಾಪೆ ಬಿಟ್ಟೆ. ಆದರೂ ಮನಸ್ಸು ನಿಲ್ಲುವುದಿಲ್ಲ. ಯಾವುದು ತಪ್ಪಿಹೋಯಿತೋ ಎಂದು ದಿನವಿಡೀ ತಡಕುತ್ತಿರುತ್ತೇನೆ. ನಾಳೆ ಒಬ್ಬನೇ ಊರೂರು ತಿರುಗಲು ಹೊರಡಬೇಕು. ಹೀಗೇ ಹೋದರೆ ಮೊದಲ ಊರಿನಲ್ಲೇ ಬೀಳುತ್ತೇನೆ."

"ಕೂತುಕೋ."

ಶಿಷ್ಯ ಕೂತ. ಮತ್ತೆ ಎದ್ದ.

"ಸರಿ, ನಿಂತೇ ಕೇಳು" ಎಂದು ಗುರುಮಾತೆ ಕತೆ ಶುರುಮಾಡಿದರು.

ಒಬ್ಬ ಚಾಲಕನಿದ್ದ. ಅವನದು ನಾಲ್ಕು ಚಕ್ರವೂ ಎಳೆಯುವ ಜೀಪು. ರಸ್ತೆಯೇ ಇಲ್ಲದ ಕಲ್ಲುಗುಡ್ಡಗಳಿಗೆ ಜನರನ್ನು ಕರೆದೊಯ್ದು ತಿರುಗಿಸಿ ತರುವುದು ಅವನ ಕೆಲಸ. ಜೀಪು ಹಲ್ಲಿಯ ಹಾಗೆ ಬಂಡೆಗೆ ಅಂಟಿಕೊಂಡು ಏರುತ್ತಿತ್ತು.

ಒಂದು ಸಲ ಗುಡ್ಡದಲ್ಲಿ ಎರಡು ಟೈರು ಒಟ್ಟಿಗೆ ಒಡೆದವು. ಇದ್ದ ಸ್ಟೆಪ್ನಿ ಒಂದೇ. ಚಾಲಕ ಒಂಬತ್ತು ಮೈಲಿ ನಡೆದ. ಮರುದಿನವೇ ವೆಲ್ಡಿಂಗ್ ಅಂಗಡಿಗೆ ಹೋಗಿ ಜೀಪಿನ ತಲೆಯ ಮೇಲೊಂದು ಕ್ಯಾರಿಯರ್ ಮಾಡಿಸಿದ. ಅದರ ಮೇಲೆ ಇನ್ನೊಂದು ಸ್ಟೆಪ್ನಿ ಕಟ್ಟಿದ.

ಮುಂದಿನ ಸಲ ಎಂಜಿನ್ ಕಾದು ಗಾಡಿ ನಿಂತಿತು. ನೀರಿನ ಕ್ಯಾನುಗಳು ಮೇಲೇರಿದವು. ಡೀಸೆಲ್ ಮುಗಿದು ಪರದಾಡಿದ ಮೇಲೆ ಡೀಸೆಲ್ ಕ್ಯಾನು ಏರಿತು. ಕೆಸರಿನಲ್ಲಿ ಹೂತುಕೊಂಡ ದಿನ ಹಲಗೆ, ಸಲಿಕೆ, ಹಗ್ಗ, ದೊಡ್ಡ ಜಾಕು ಏರಿದವು. ಏರಿದ್ದು ಯಾವುದೂ ಮತ್ತೆ ಇಳಿಯಲಿಲ್ಲ. ಅಷ್ಟು ಹೊರೆ ಹೊತ್ತ ಜೀಪನ್ನು ಕಂಡು ದಾರಿಯಲ್ಲಿ ಜನ ನಿಂತು ನೋಡುತ್ತಿದ್ದರು.

ಚಾಲಕನಿಗೆ ಮಾತ್ರ ಅಂದಿನಿಂದ ನೆಮ್ಮದಿ ಹೋಯಿತು. ಮೇಲೆ ಕಿರ್ರೆಂದರೆ ಗಾಡಿ ನಿಲ್ಲಿಸುತ್ತಿದ್ದ. ಹತ್ತಿ ಗಂಟು ಬಿಗಿಯುತ್ತಿದ್ದ. ಇಳಿದು ನಾಲ್ಕು ಮಾರು ಹೋಗಿ ಮತ್ತೆ ನಿಲ್ಲಿಸುತ್ತಿದ್ದ. ಕಣ್ಣು ದಾರಿಯ ಮೇಲಿದ್ದರೂ ಕಿವಿ ಜೀಪಿನ ತಲೆಯ ಮೇಲೆಯೇ ಇತ್ತು.

ಕೊನೆಗೆ ಮತ್ತೆ ವೆಲ್ಡಿಂಗ್ ಅಂಗಡಿಗೆ ಬಂದ. ಅಂಗಡಿ ಒಬ್ಬ ಹೆಂಗಸಿನದು.

"ಅಕ್ಕಾ, ಕ್ಯಾರಿಯರ್ ಅಲ್ಲಾಡ್ತಿದೆ. ಇನ್ನೆರಡು ಕಂಬಿ ಹಾಕು."

ಅವಳು ಜೀಪನ್ನು ಒಂದು ಸುತ್ತು ಬಂದಳು. "ಹಾಸಿಗೆ, ಬಟ್ಟೆ ಕಟ್ಕೋತಾನೆ ಅಂತ ಮಾಡಿಕೊಟ್ರೆ ನೀನು ಸಂಸಾರಾನೇ ಹತ್ಸಿದೀಯಲ್ಲ ತಮ್ಮಾ! ಕಂಬಿ ಹಾಕ್ತೀನಿ. ಕ್ಯಾರಿಯರ್ ಮುರಿಯಲ್ಲ. ಗಾಡಿ ಮಗುಚುತ್ತೆ, ಅಷ್ಟೆ. ಅರ್ಧ ಸಾಮಾನು ಮನೇಲಿಡು."

"ಯಾವ ಅರ್ಧ? ಯಾವುದು ಬೇಡ ಅಂತ ನೀನೇ ತೋರ್ಸು ನೋಡೋಣ."

ಅವಳು ಒಂದೊಂದಾಗಿ ನೋಡಿದಳು. ಬೇಡದ್ದು ಒಂದೂ ಸಿಗಲಿಲ್ಲ.

"ಒಂದೊಂದೂ ಬೇಕಾದ್ದೇ. ಎಲ್ಲಾ ಸೇರಿದ್ದು ಬೇಡ" ಎಂದಳು.

ಚಾಲಕ ನಕ್ಕುಬಿಟ್ಟ. ಕಂಬಿ ಹಾಕಿಸಿಕೊಂಡೇ ಹೋದ.

ಅದೇ ವಾರ ಐದು ಜನರನ್ನು ಕೂರಿಸಿಕೊಂಡು ಗುಡ್ಡದ ಅಡ್ಡ ಇಳಿಜಾರಿನಲ್ಲಿ ಹೋಗುತ್ತಿದ್ದ. ಮೇಲ್ಬದಿಯ ಚಕ್ರ ಒಂದು ಕಲ್ಲನ್ನು ಹತ್ತಿತು. ಹೊಸ ಕಲ್ಲಲ್ಲ. ನೂರು ಸಲ ಹತ್ತಿ ಇಳಿದ ಕಲ್ಲೇ. ಮೊದಲೆಲ್ಲ ಜೀಪು ಅಲ್ಲಿ ಒಮ್ಮೆ ವಾಲಿ, ಮತ್ತೆ ನೆಟ್ಟಗಾಗುತ್ತಿತ್ತು. ಆ ದಿನ ವಾಲಿದ್ದು ಹಾಗೇ ಹೋಯಿತು. ಅರ್ಧ ಸುತ್ತು ಉರುಳಿ ಅಂಗಾತ ಬಿತ್ತು.

ಐದು ಜನ ತೆವಳಿ ಹೊರಗೆ ಬಂದರು. ಚಾಲಕನ ಕಾಲು ಮಾತ್ರ ಬಾಗಿಲಿನ ಕಂಬಿಯಡಿ ಸಿಕ್ಕಿಕೊಂಡಿತ್ತು.

"ಜಾಕು ಎಲ್ಲಪ್ಪಾ? ಹಗ್ಗ ಎಲ್ಲಿ?" ಎಂದು ಅವರು ಕೂಗಿದರು.

ಚಾಲಕ ಕೈ ತೋರಿಸಿದ. ಜಾಕು, ಹಗ್ಗ, ಸಲಿಕೆ, ಹಲಗೆ ಎಲ್ಲ ಇದ್ದವು. ಜೀಪಿನ ಅಡಿಯಲ್ಲಿದ್ದವು. ಅವುಗಳನ್ನು ತೆಗೆಯಬೇಕಾದರೆ ಮೊದಲು ಜೀಪನ್ನು ಎತ್ತಬೇಕಿತ್ತು.

ಗುರುಮಾತೆ ಮೊರದಿಂದ ಒಂದು ಕಲ್ಲು ಆರಿಸಿ ಆಚೆ ಎಸೆದರು.

ಶಿಷ್ಯ ಯಾವಾಗಲೋ ಕೂತಿದ್ದ. "ಆಮೇಲೆ? ಕಾಲು ಉಳಿಯಿತೇ ತಾಯಿ?"

"ಬರಿಗೈಯಲ್ಲಿ ಮಣ್ಣು ಬಗೆದು ಎಳೆದರು. ಸಂಜೆಯಾಯಿತು. ಕಾಲು ಉಳಿಯಿತು, ಆದರೆ ಮತ್ತೆ ನೆಲಕ್ಕೆ ನೆಟ್ಟಗೆ ಊರಲಿಲ್ಲ."

ಶಿಷ್ಯ ತನ್ನ ಪಾದಗಳನ್ನು ನೋಡಿಕೊಂಡ.

ಗುರುಮಾತೆ ಮೊರ ಕೆಳಗಿಟ್ಟು ಕೇಳಿದರು: "ಈಗ ಹೇಳು, ನಿನ್ನ ಹನ್ನೆರಡನೆಯ ವ್ರತವನ್ನು ಎಲ್ಲಿ ಕಟ್ಟಲಿ?"