ದುಂಡವ್ವ ಕೇಳಿದ ಹೆಸರು

ನಮ್ಮೂರನ್ನು ಪಾರಂಪರಿಕ ಗ್ರಾಮ ಮಾಡಲು ಸಾಹೇಬರೊಬ್ಬರು ಬಂದರು. ಸತ್ತವರ ಮುಂದೆ ಹಾಡಿ ಅಳುವುದರಲ್ಲಿ ದುಂಡವ್ವನನ್ನು ಮೀರಿಸುವವರಿಲ್ಲ ಎಂದು ಯಾರೋ ಅವರ ಕಿವಿಗೆ ಹಾಕಿದ್ದರು.

"ನಾಳೆ ಮಂತ್ರಿಗಳ ಜೊತೆ ಪ್ರವಾಸಿಗರು ಬರ್ತಾರೆ. ವೇದಿಕೆ ಮೇಲೆ ಆ ಹಾಡು ಹಾಡಬೇಕು. ಇಲ್ಲದಿದ್ದರೆ ಯೋಜನೆ ಪಕ್ಕದೂರಿಗೆ ಹೋಗುತ್ತೆ," ಎಂದರು.

ದುಂಡವ್ವನ ಮನೆಯಲ್ಲಿ ಸೊಸೆ ದಿನ ತುಂಬಿದ ಬಸುರಿ. ಸಾವಿಲ್ಲದೆ ಆ ಹಾಡನ್ನು ಬಾಯಿಗೆ ತರುವುದುಂಟೇ? ಹಾಡದಿದ್ದರೆ ಯೋಜನೆಯ ಜೊತೆ ಊರಿಗೆ ಬರಲಿದ್ದ ರಸ್ತೆ ತಪ್ಪುತ್ತದೆ. ಊರವರೆಲ್ಲ ಅವಳ ಮುಖವನ್ನೇ ನೋಡುತ್ತಿದ್ದರು.

ಅವಳು ಸೆರಗು ಸರಿಮಾಡಿಕೊಂಡಳು. "ಹಾಡ್ತೀನ್ರಿ ಸಾಹೇಬ್ರ. ಆದ್ರ ಸತ್ತವರ ಹೆಸರು ಹಿಡಿದು ಕರೀಲಿಲ್ಲಂದ್ರ ಈ ಹಾಡು ಸುರು ಆಗಂಗಿಲ್ಲ. ನಾಳೆ ಯಾರ ಹೆಸರು ಹಿಡೀಲಿ? ಮಂತ್ರಿಗಳದೋ, ನಿಮ್ಮದೋ?"

ಸಾಹೇಬರು ಕುಡಿಯುತ್ತಿದ್ದ ಚಹಾ ಕೆಳಗಿಟ್ಟರು.

"ಬೀಸೋ ಹಾಡು ಬರುತ್ತಾ?"

"ಬೇಕಾದಷ್ಟು ಬರ್ತಾವ್ರಿ."

ಮರುದಿನ ದುಂಡವ್ವ ಬೀಸುವ ಹಾಡನ್ನೇ ಹಾಡಿದಳು. ಮಂತ್ರಿಗಳು ತಲೆದೂಗಿದರು. ಸಾಹೇಬರು ಮಾತ್ರ, ಅವಳು ಹೊಸ ಹಾಡಿಗೆ ಬಾಯಿ ತೆರೆದಾಗಲೆಲ್ಲ, ಎದೆಯ ಮೇಲಿದ್ದ ಹೆಸರಿನ ಬ್ಯಾಡ್ಜನ್ನು ಅಂಗೈಯಿಂದ ಮುಚ್ಚಿಕೊಳ್ಳುತ್ತಿದ್ದರು.