ಕೆಂಪು ಹೊಳೆಯ ತೂಬು

"ಕೇಳಿರಪ್ಪೋ ಕೇಳಿ! ಅರಮನೆಯಲ್ಲಿ ಕೂತಿರುವ ರಕ್ಕಸಿಯ ಮೂರು ಒಗಟು ಬಿಡಿಸಿದವರಿಗೆ ದೊರೆಗಳು ಕೇಳಿದ್ದು ಕೊಡುತ್ತಾರೆ. ತಪ್ಪಿದವರ ಪ್ರಾಣಕ್ಕೆ ಅರಮನೆ ಹೊಣೆಯಲ್ಲ!"

ಕುಂಬಾಳದ ಬೀದಿಗಳಲ್ಲಿ ಹೀಗೆ ಡಂಗುರ ಸಾರಿದರು. ದೊರೆ ಮಲ್ಲರಸನಿಗೆ ಒಂದು ವರ್ಷದಿಂದ ರಕ್ತದ ಒತ್ತಡ ಏರುವ ಕಾಯಿಲೆ. ಅವನ ನಾಡಿಯ ಬಡಿತ ಗೋಡೆಯಾಚೆಗೂ ಕೇಳಿಸುತ್ತಿತ್ತು, ಒಳಗೆ ಯಾರೋ ಒನಕೆಯಲ್ಲಿ ಕುಟ್ಟಿದ ಹಾಗೆ. ಆ ಸದ್ದು ಹಿಡಿದು ಬಂದ ರಕ್ಕಸಿ ಅವನ ಮಂಚದ ಬಳಿ ಕೂತುಬಿಟ್ಟಿದ್ದಳು. ಒಗಟು ಬಿಡಿಸಿದರೆ ಹೊರಟುಹೋಗುತ್ತೇನೆ, ಇಲ್ಲವಾದರೆ ದೊರೆಯ ರಕ್ತನಾಳ ಒಡೆಯುವ ದಿನ ಅವನನ್ನೇ ಕುಡಿಯುತ್ತೇನೆ ಎಂದಿದ್ದಳು.

ಮೊದಲು ದಂಡನಾಯಕ ಬಂದ.

"ಇಬ್ಬರು ಅಣ್ಣತಮ್ಮಂದಿರು ಬೆನ್ನಿಗಂಟಿ ಕತ್ತಲಲ್ಲಿ ಕೂತಿದ್ದಾರೆ. ಕೆಂಪು ಹೊಳೆಯನ್ನು ತೊಳೆದು ತೊಳೆದು ಹಿಂದಕ್ಕೆ ಕಳಿಸುತ್ತಾರೆ, ಕೊಳೆಯನ್ನಷ್ಟೇ ಹೊರಹಾಕುತ್ತಾರೆ. ಯಾರವರು?" ಎಂದಳು ರಕ್ಕಸಿ.

"ಅಗಸರು."

ಅವಳು ಅವನ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟಳು, ಅಷ್ಟೇ. ಅವನು ಸುಣ್ಣದ ಹಾಗೆ ಬಿಳಿಚಿ ನಿಂತಲ್ಲೇ ಕುಸಿದ. ಮರುದಿನ ಆಸ್ಥಾನದ ವೈದ್ಯ ಮೊದಲನೆಯದನ್ನು ಬಿಡಿಸಿದ, ಎರಡನೆಯದಕ್ಕೆ "ಕೋಪ" ಎಂದ. ಅವನೂ ಸತ್ತುಬಿದ್ದ. ಆಮೇಲೆ ಯಾರೂ ಬರಲಿಲ್ಲ.

"ಹಾಗಾದರೆ ಇವನಿಗೆ ಬಡಿಸುವ ಹುಡುಗಿಯೇ ಉತ್ತರ ಹೇಳಲಿ" ಎಂದಳು ರಕ್ಕಸಿ.

ಬಡಿಸುವ ಹುಡುಗಿ ಚೌಡವ್ವ. ಅವಳ ಅಣ್ಣ ದ್ಯಾವೀರ ಊರಿನ ನೀರುಗಂಟಿ. ಕೆರೆಯ ತೂಬು ತೆಗೆದು, ಮುಚ್ಚಿ, ಗದ್ದೆಗಳಿಗೆ ನೀರು ಹಾಯಿಸುವುದು ಅವನ ಕೆಲಸ. ಸುದ್ದಿ ಕೇಳಿದವನೇ ಕೆಸರುಗಾಲಲ್ಲೇ ಓಡಿಬಂದ.

"ಬೇಡ ಅಣ್ಣಾ, ನೀನು ಹೋಗು" ಎಂದು ತಂಗಿ ಅತ್ತಳು.

"ಸುಮ್ಮನಿರು, ನಿನ್ನ ಬದಲು ನಾನು ಹೇಳ್ತೀನಿ" ಎಂದು ಅವನು ಒಳಗೆ ನಡೆದ. ಅವಳೂ ಹಿಂದೆಯೇ ಬಂದಳು.

ನಡುಮಧ್ಯಾಹ್ನ. ಆದರೂ ಆ ಕೋಣೆಯಲ್ಲಿ ಯಾವ ವಸ್ತುವಿಗೂ ನೆರಳಿರಲಿಲ್ಲ. ಮೊದಲನೆಯದನ್ನು ಅವನು ಬಿಡಿಸಿದ: "ಮೂತ್ರಪಿಂಡಗಳು. ಕುರಿ ಕೊಯ್ದಾಗ ನೋಡಿದ್ದೀನಿ."

"ಮಳೆಯಿಲ್ಲದೆ ಆ ಹೊಳೆ ಉಕ್ಕುತ್ತದೆ. ನೀರನ್ನು ಹಿಡಿದಿಡುವ ಬಿಳಿಯ ಕಳ್ಳ ಯಾರು?"

ದ್ಯಾವೀರ ತಂಗಿಯ ಕಡೆ ತಿರುಗಿದ. "ದೊರೆಗಳು ಊಟಕ್ಕೆ ಏನು ಕೇಳ್ತಾರೆ, ಚೌಡಿ?"

"ದಿನಾ ಉಪ್ಪು ಸಾಲದು ಅಂತಾರೆ. ಉಪ್ಪಿನಕಾಯಿ, ಒಣಮೀನು..."

"ಉಪ್ಪು!" ಎಂದ ದ್ಯಾವೀರ.

ರಕ್ಕಸಿ ಹಲ್ಲು ಕಡಿದಳು. "ಗೋಡೆಯೇ ಹೆತ್ತ ಕೂಸು. ಬಣ್ಣವಿಲ್ಲ, ಆಕಾರವಿಲ್ಲ. ಹುಟ್ಟಿದ ಗಳಿಗೆಯಲ್ಲೇ ಸಾಯುತ್ತದೆ. ಸಾಯುವ ಮೊದಲು ಒಂದೇ ಮಾತು ಹೇಳುತ್ತದೆ: ಸಡಿಲಾಗು. ಏನದು?"

ದ್ಯಾವೀರನಿಗೆ ತಿಳಿಯಲಿಲ್ಲ. ಅವಳ ತಣ್ಣನೆಯ ಬೆರಳು ಅವನ ಮಣಿಕಟ್ಟಿಗೆ ತಾಗಿತು. ಕೈ ಮರಗಟ್ಟತೊಡಗಿತು. ಅವನು ತೊದಲಿದ:

"ತಡಿ ತಾಯಿ. ಕಾಲುವೆಯಲ್ಲಿ ನೀರು ಜಾಸ್ತಿಯಾಗಿ ಗೋಡೆ ಉಜ್ಜಿದರೆ ಆ ಸದ್ದು ಕೇಳಿ ನಾನು ಕಾಲುವೆಯಿಂದ ಗದ್ದೆಗೆ ಬಿಡೋ ತೂಬು ಅಗಲಿಸ್ತೀನಿ. ಮೈಯೊಳಗೆ ನೀರುಗಂಟಿ ಇಲ್ಲವಲ್ಲ. ಹಾಗಾದರೆ ನೆತ್ತರು ಉಜ್ಜಿದಾಗ ರಕ್ತನಾಳದ ಗೋಡೆಯೇ ಒಂದು ಉಸಿರು ಬಿಡಬೇಕು. ಆ ಉಸಿರಿಗೆ ನಾಳ ಸಡಿಲಾಗುತ್ತೆ, ಮೂತ್ರಪಿಂಡ ಉಪ್ಪನ್ನು ಹೊರಗೆ ಬಿಡುತ್ತೆ. ದೊರೆಗಳ ಮೈಯಲ್ಲಿ ಆ ಉಸಿರು ಬತ್ತಿದೆ."

"ಅದರ ಹೆಸರು?"

"ನನಗೆ ಗೊತ್ತಿಲ್ಲ. ಮುಂದೆ ತಿಳಿದವರು ಇಡ್ತಾರೆ."

ಇಂದಿನವರು ಅದನ್ನು ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಎನ್ನುತ್ತಾರೆ. ಆದರೆ ರಕ್ಕಸಿಗೆ ಅಷ್ಟು ಉತ್ತರವೇ ಸಾಕಾಯಿತು. ಅವಳ ಬೆರಳು ಸಡಿಲವಾಯಿತು. "ಉಪ್ಪು ಬಿಡಿಸು, ಹಸಿರು ಸೊಪ್ಪು ತಿನ್ನಿಸು, ಆ ಉಸಿರು ಮರಳುತ್ತದೆ" ಎಂದವಳು ಕಿಟಕಿಯ ಬಿಸಿಲಲ್ಲಿ ಆವಿಯಾಗಿ ಹೋದಳು. ಅವಳು ಕೂತಿದ್ದ ಕಲ್ಲು ಬಹಳ ದಿನ ಒದ್ದೆಯಾಗಿಯೇ ಇತ್ತು.

ತಿಂಗಳೆರಡು ಸೊಪ್ಪು, ಸಪ್ಪೆಯೂಟ ನಡೆಯಿತು. ದೊರೆ ಎದ್ದು ಕೂತ. ದ್ಯಾವೀರನನ್ನು ಕರೆಸಿ, "ಏನು ಬೇಕೋ ಕೇಳು" ಎಂದ.

"ಸತ್ತವರಿಬ್ಬರ ಮನೆಯವರನ್ನು ಸಾಕಿ, ಬುದ್ಧಿ. ನನ್ನ ತಂಗಿಯನ್ನು ನನ್ನ ಜೊತೆ ಕಳಿಸಿಕೊಡಿ."

ದೊರೆ ಎರಡಕ್ಕೂ ಒಪ್ಪಿದ. ಜೊತೆಗೆ ಕೆರೆಯ ಕೆಳಗಿನ ಒಂದು ಗದ್ದೆಯನ್ನೂ ಬರೆದುಕೊಟ್ಟ. ಆಮೇಲೆ, ವರ್ಷವಿಡೀ ತನಗೆ ಬಡಿಸಿದ್ದ ಹುಡುಗಿಯನ್ನು ಮೊದಲ ಸಲವೆಂಬಂತೆ ನೋಡಿದ.

"ನಿನ್ನ ಹೆಸರೇನಮ್ಮಾ?"

"ಚೌಡವ್ವ, ಬುದ್ಧಿ" ಎಂದು ಸೌಟನ್ನು ಕೆಳಗಿಟ್ಟು ಅವಳು ಅಣ್ಣನ ಹಿಂದೆ ಹೊರಟಳು.